ಕತೆಯ ಹೊಲ: ಮೂಲಗೇಣಿಯೋ, ಚಾಲಗೇಣಿಯೋ?

ಕರಾವಳಿಯ ಹಿರಿಯರಿಗೆ ಮೂಲಗೇಣಿ, ಚಾಲಗೇಣಿ ಎಂಬ ಮಾತುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡರಲ್ಲೂ ಭೂಮಿ ಧಣಿಯದು, ಬೆವರು ಒಕ್ಕಲಿನದು. ಆದರೆ ಮೂಲಗೇಣಿಯವನು ಗೊತ್ತಾದ ಗೇಣಿ ಅಳೆದುಕೊಟ್ಟು ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಅದೇ ಮಣ್ಣಿನಲ್ಲಿ ನಿಲ್ಲಬಹುದಿತ್ತು. ಅವನು ತೆಂಗಿನ ಸಸಿ ನೆಡುತ್ತಿದ್ದ. ಚಾಲಗೇಣಿಯವನು ಧಣಿ ಏಳೆಂದ ದಿನ ಏಳಬೇಕಿತ್ತು. ವರ್ಷಗಟ್ಟಲೆ ಕಾದು ಫಲ ಕೊಡುವ ಮರವನ್ನು ಅವನು ಯಾವ ಧೈರ್ಯದಿಂದ ನೆಡಬೇಕು? ಕರ್ನಾಟಕದಲ್ಲಿ ಈ ಪ್ರಶ್ನೆಗೆ 1974ರ ಭೂಸುಧಾರಣಾ ಕಾನೂನು ಒಂದು ಉತ್ತರ ಕೊಟ್ಟಿತು.

ಅದೇ 1974ರಲ್ಲಿ ಅಮೆರಿಕದಲ್ಲಿ ಒಂದು ಆಟ ಹುಟ್ಟಿತು. ಅದರ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಈ ಆಟದ ಸುತ್ತ ಕತೆ ಬರೆದು ಬದುಕುವ ಸಣ್ಣ ಬರಹಗಾರರು, ಚಿತ್ರಕಾರರು, ಪ್ರಕಾಶಕರು 2023ರ ಜನವರಿಯಲ್ಲಿ ಒಮ್ಮೆಲೇ ಬೆಚ್ಚಿಬಿದ್ದರು. ಇಪ್ಪತ್ತೆರಡು ವರ್ಷಗಳಿಂದ ತಾವು ಉತ್ತ ಹೊಲ ಮೂಲಗೇಣಿಯದೋ ಚಾಲಗೇಣಿಯದೋ ಎಂದು ಕೇಳಿಕೊಳ್ಳುವ ಹೊತ್ತು ಅವರಿಗೆ ಬಂದಿತ್ತು. ಯಾವುದೋ ದೂರದ ಊರಿನ ಆಟಗಾರರ ಜಗಳವೆಂದು ನಾವು ಇದನ್ನು ಬದಿಗಿಡಬಹುದು. ಹಾಗೆ ಬದಿಗಿಡಬಾರದು ಎನ್ನಲು ನಮ್ಮಲ್ಲಿ ಒಂದು ಕಾರಣವಿದೆ. ಆ ಹೊಲದಲ್ಲಿ ಬಿತ್ತಿದ ಬೀಜಗಳಲ್ಲಿ ಕೆಲವು ನಮ್ಮ ಕಣಜದಿಂದ ಹೋದವು.

ಮಾತಿನಿಂದ ಆಡುವ ಆಟ

ಮೊದಲು ಆಟದ ಬಗ್ಗೆ ಎರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರೂಪಿಸಿದ ಈ ಆಟವನ್ನು ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನ ಟಿ.ಎಸ್.ಆರ್. ಎಂಬ ಕಂಪನಿ ಮಾರಾಟಕ್ಕೆ ತಂದಿತು. ಇದನ್ನು ಆಡಲು ಟಿ.ವಿ.ಯಾಗಲಿ ಕಂಪ್ಯೂಟರಾಗಲಿ ಬೇಡ. ನಾಲ್ಕೈದು ಮಂದಿ ಒಂದು ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬ ಯೋಧ, ಒಬ್ಬಳು ಮಂತ್ರವಾದಿ, ಒಬ್ಬ ಕಳ್ಳ ಎಂದು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬರು ಮಾತ್ರ ಕತೆ ನಡೆಸುತ್ತಾರೆ. 'ನಿಮ್ಮೆದುರು ಮುಚ್ಚಿದ ಬಾಗಿಲಿದೆ, ಒಳಗಿನಿಂದ ಅಳುವ ದನಿ ಕೇಳುತ್ತಿದೆ, ಏನು ಮಾಡುತ್ತೀರಿ?' ಎಂದು ಅವರು ಕೇಳುತ್ತಾರೆ. ಉಳಿದವರು ತಮ್ಮ ತಮ್ಮ ಪಾತ್ರದ ಪರವಾಗಿ ಉತ್ತರಿಸುತ್ತಾರೆ. ಗೆದ್ದರೋ ಸೋತರೋ ಎಂದು ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳ ಉರುಳುತ್ತದೆ.

ತಾಳಮದ್ದಳೆ ಕೇಳಿದವರಿಗೆ ಇದು ಅಷ್ಟೇನೂ ಅಪರಿಚಿತವೆನಿಸದು. ಅಲ್ಲಿ ಪ್ರಸಂಗದ ಪದ್ಯ ಮೊದಲೇ ಇರುತ್ತದೆ, ಅರ್ಥಧಾರಿಯ ಮಾತು ಆ ರಾತ್ರಿಯೇ ಹುಟ್ಟುತ್ತದೆ. ಈ ಆಟದಲ್ಲೂ ನಿಯಮದ ಪುಸ್ತಕ ಮೊದಲೇ ಇರುತ್ತದೆ, ಕತೆ ಮೇಜಿನ ಮೇಲೆ ಹುಟ್ಟುತ್ತದೆ. ಪ್ರತಿ ವಾರ ಕೂಡುವ ಗುಂಪಿಗೆ ಹೊಸ ಹೊಸ ಪ್ರಸಂಗ ಬೇಕು, ಹೊಸ ಊರು, ಹೊಸ ಶತ್ರು, ಹೊಸ ನಕ್ಷೆ ಬೇಕು. ಒಂದು ಕಂಪನಿ ಎಷ್ಟೆಂದು ಬರೆದೀತು? ಈ ಹಸಿವನ್ನು ತಣಿಸುವವರೇ ಹೊರಗಿನ ಬರಹಗಾರರು. ಆಟದ ಒಡೆತನದ ಕಂಪನಿ ಮೊದಲನೆಯದು, ಆಡುವವರು ಎರಡನೆಯವರು, ಇವರು ಮೂರನೆಯವರು. ವ್ಯಾಪಾರದ ಭಾಷೆಯಲ್ಲಿ ಇವರನ್ನು ಥರ್ಡ್ ಪಾರ್ಟಿ ಎನ್ನುತ್ತಾರೆ.

ಟಿ.ಎಸ್.ಆರ್. ಕಂಪನಿಗೆ ಈ ಮೂರನೆಯವರನ್ನು ಕಂಡರೆ ಆಗುತ್ತಿರಲಿಲ್ಲ. 1990ರ ದಶಕದಲ್ಲಿ ಅಭಿಮಾನಿಗಳು ತಾವೇ ಬರೆದ ಕತೆಗಳನ್ನು ಕಂಪ್ಯೂಟರ್ ಜಾಲದಲ್ಲಿ ಹಂಚಿಕೊಳ್ಳುವುದಕ್ಕೂ ಅದು ಕಾನೂನಿನ ಹೆದರಿಕೆ ಹಾಕಿತ್ತು. ನಿಯಮಗಳಿಗೆ ಕೃತಿಸ್ವಾಮ್ಯ ಇಲ್ಲವೆಂದು ವಾದಿಸಬಹುದಿತ್ತು ನಿಜ. ಲೆಕ್ಕ ಬರೆಯುವ ವಿಧಾನವನ್ನು ವಿವರಿಸಿದ ಪುಸ್ತಕಕ್ಕೆ ಹಕ್ಕಿದೆ, ಆ ವಿಧಾನಕ್ಕೆ ಹಕ್ಕಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1879ರಷ್ಟು ಹಿಂದೆಯೇ ಹೇಳಿತ್ತು. ಆದರೆ ಆ ವಾದವನ್ನು ಕಟಕಟೆಯವರೆಗೆ ಒಯ್ಯಲು ವಕೀಲರ ಫೀಸು ಬೇಕು. ಮನೆಯ ಕೋಣೆಯಲ್ಲಿ ಕುಳಿತು ಬರೆಯುವವನಿಗೆ ಅದೆಲ್ಲಿಂದ ಬರಬೇಕು?

ಒಂದು ಪುಟದ ಕರಾರು

1997ರಲ್ಲಿ ನಷ್ಟದಲ್ಲಿದ್ದ ಟಿ.ಎಸ್.ಆರ್. ಅನ್ನು ವಿಝಾರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಕಂಪನಿ ಕೊಂಡಿತು. 1999ರಲ್ಲಿ ಆ ಕಂಪನಿಯನ್ನೇ ಆಟಿಕೆಗಳ ದೈತ್ಯ ಹ್ಯಾಸ್‌ಬ್ರೋ ಕೊಂಡಿತು. ಮರುವರ್ಷ, ಅಂದರೆ 2000ದಲ್ಲಿ, ಆಟದ ಮೂರನೇ ಆವೃತ್ತಿಯ ಜೊತೆಗೆ ಓಪನ್ ಗೇಮ್ ಲೈಸೆನ್ಸ್ ಎಂಬ ಒಂದು ಕರಾರು ಹೊರಬಂತು. ಇದರ ಹಿಂದಿದ್ದವರು ಕಂಪನಿಯ ಅಧಿಕಾರಿ ರಯಾನ್ ಡ್ಯಾನ್ಸಿ. ಮುಕ್ತ ತಂತ್ರಾಂಶ ಚಳವಳಿಯಿಂದ ಅವರು ಪಾಠ ಕಲಿತಿದ್ದರು. ಸಣ್ಣ ಪ್ರಸಂಗ ಪುಸ್ತಕಗಳಲ್ಲಿ ದೊಡ್ಡ ಕಂಪನಿಗೆ ಲಾಭ ಕಡಿಮೆ, ಅವನ್ನು ಹೊರಗಿನವರು ಬರೆಯಲಿ, ಬರೆದಷ್ಟೂ ನಮ್ಮ ಮೂಲ ನಿಯಮ ಪುಸ್ತಕ ಹೆಚ್ಚು ಮಾರಾಟವಾಗುತ್ತದೆ ಎಂಬುದು ಲೆಕ್ಕಾಚಾರ. ಔದಾರ್ಯಕ್ಕಿಂತ ವ್ಯಾಪಾರದ ಬುದ್ಧಿಯೇ ಇಲ್ಲಿ ಹೆಚ್ಚು ಎನ್ನಬೇಕು. ಆದರೂ ಅದರ ಫಲ ದೊಡ್ಡದಾಯಿತು.

ಈ ಕರಾರನ್ನು ನಂಬಿ ಎಷ್ಟೋ ಮಂದಿ ತೆಂಗು ನೆಟ್ಟರು. ಪೈಝೋ ಎಂಬ ಪ್ರಕಾಶನ ಮೂರನೇ ಆವೃತ್ತಿಯ ನಿಯಮಗಳನ್ನೇ ಪರಿಷ್ಕರಿಸಿ 2009ರಲ್ಲಿ ಪಾಥ್‌ಫೈಂಡರ್ ಎಂಬ ಸ್ವಂತ ಆಟ ತಂದು ಮೂಲ ಕಂಪನಿಗೇ ಸ್ಪರ್ಧಿಯಾಗಿ ನಿಂತಿತು. ವುಲ್ಫ್‌ಗ್ಯಾಂಗ್ ಬಾವರ್ ಎಂಬ ಸಂಪಾದಕರು ಕಟ್ಟಿದ ಕೋಬೋಲ್ಡ್ ಪ್ರೆಸ್ ವರ್ಷವರ್ಷವೂ ದಪ್ಪ ದಪ್ಪ ಪುಸ್ತಕ ತಂದಿತು. ಮ್ಯಾಟ್ ಕೋಲ್ವಿಲ್ ಎಂಬವರ ಎಂ.ಸಿ.ಡಿ.ಎಂ. ಸಂಸ್ಥೆ ಕೋಟೆ ಕಟ್ಟುವ ಬಗ್ಗೆ ಒಂದು ಪುಸ್ತಕ ಮಾಡುತ್ತೇವೆಂದು 2018ರಲ್ಲಿ ಓದುಗರಿಂದ ಮುಂಗಡ ಕೇಳಿದಾಗ 20 ಲಕ್ಷ ಡಾಲರಿಗೂ ಹೆಚ್ಚು ಹಣ ಬಂತು. 2016ರಲ್ಲಿ ಐದನೇ ಆವೃತ್ತಿಯ ನಿಯಮಗಳೂ ಇದೇ ಕರಾರಿನಡಿ ಬಂದವು. ಒಂದು ಕಾಲದ ಗೀಳು ಈಗ ಕಸುಬಾಯಿತು, ಹಲವರ ಅನ್ನವಾಯಿತು.

ಈ ಕರಾರನ್ನು ಒಂದು ಸಾಹಿತ್ಯ ಕೃತಿಯನ್ನು ಓದುವಷ್ಟು ಗಮನವಿಟ್ಟು ಓದುವುದು ಒಳ್ಳೆಯದು. ಅದರ ನಾಲ್ಕನೇ ಕಲಮಿನಲ್ಲಿ ಕೊಟ್ಟ ಹಕ್ಕು 'ಶಾಶ್ವತ' ಎಂದಿದೆ, ಇಡೀ ಲೋಕಕ್ಕೆ ಅನ್ವಯ ಎಂದಿದೆ, ರಾಯಲ್ಟಿ ಇಲ್ಲ ಎಂದಿದೆ. 'ಹಿಂಪಡೆಯಲಾಗದ' ಎಂಬ ಒಂದು ಪದ ಮಾತ್ರ ಇಲ್ಲ. ಒಂಬತ್ತನೇ ಕಲಮಿನಲ್ಲಿ ಈ ಕರಾರಿನ ಯಾವುದೇ 'ಅಧಿಕೃತ' ಆವೃತ್ತಿಯನ್ನು ಬಳಸಬಹುದು ಎಂದಿದೆ. ಅಧಿಕೃತ ಎಂದರೇನು, ಇಂದು ಅಧಿಕೃತವಾದದ್ದು ನಾಳೆ ಅನಧಿಕೃತವಾಗಬಹುದೇ ಎಂಬುದಕ್ಕೆ ವಿವರಣೆ ಇಲ್ಲ. ಮುಂದೆ ಕರಾರು ಬದಲಾದರೂ ಹಳೆಯದನ್ನೇ ಬಳಸುತ್ತಾ ಹೋಗಬಹುದು ಎಂದು ಕಂಪನಿಯೇ ತನ್ನ ಪ್ರಶ್ನೋತ್ತರಗಳಲ್ಲಿ ಒಮ್ಮೆ ಭರವಸೆ ಕೊಟ್ಟಿತ್ತು. ಎಲ್ಲರೂ ಆ ಭರವಸೆಯನ್ನು ನಂಬಿದರು. ಭರವಸೆ ಕರಾರಿನ ಒಳಗಿರಲಿಲ್ಲ.

2023ರ ಜನವರಿ 5ರಂದು ಲಿಂಡಾ ಕೊಡೇಗಾ ಎಂಬ ಪತ್ರಿಕಾ ಬರಹಗಾರರು ಸೋರಿಬಂದ ಒಂದು ಹೊಸ ಕರಡನ್ನು ಬಯಲಿಗಿಟ್ಟರು. ಹಳೆಯ ಕರಾರು ಇನ್ನು ಅಧಿಕೃತವಲ್ಲ ಎಂದು ಅದು ಸಾರಿತ್ತು. ವರ್ಷಕ್ಕೆ 50 ಸಾವಿರ ಡಾಲರ್ ದಾಟಿದವರು ಆದಾಯದ ಲೆಕ್ಕ ಒಪ್ಪಿಸಬೇಕು. 7 ಲಕ್ಷ 50 ಸಾವಿರ ಡಾಲರ್ ಮೀರಿದವರು ಮೀರಿದ ಮೊತ್ತದಲ್ಲಿ ಶೇ. 25 ಕೊಡಬೇಕು. ಗಮನಿಸಿ, ಲಾಭದ ಮೇಲಲ್ಲ, ಒಟ್ಟು ಆದಾಯದ ಮೇಲೆ. ಪುಸ್ತಕ ವ್ಯಾಪಾರದಲ್ಲಿ ಮುದ್ರಣ, ಸಾಗಣೆ, ಚಿತ್ರಕಾರರ ಸಂಭಾವನೆ ಕಳೆದು ಕೈಯಲ್ಲಿ ಉಳಿಯುವುದು ಎಷ್ಟೆಂದು ಬಲ್ಲವರಿಗೆ ಈ ಅಂಕಿಯ ಅರ್ಥವಾಗುತ್ತದೆ. ಇದಕ್ಕಿಂತ ಕಟುವಾದ ಇನ್ನೊಂದು ಸಾಲಿತ್ತು. ಹೊರಗಿನವರು ಬರೆದುದನ್ನು ಕಂಪನಿ ಯಾವ ಕಾಸೂ ಕೊಡದೆ ಎಂದೆಂದಿಗೂ ಬಳಸಬಹುದು, ಆ ಹಕ್ಕನ್ನು ಕಂಪನಿಯಿಂದ ಹಿಂಪಡೆಯುವಂತಿಲ್ಲ. ಅಂದರೆ 'ಹಿಂಪಡೆಯಲಾಗದ' ಎಂಬ ಆ ಪದ ಕಂಪನಿಗೆ ಗೊತ್ತಿಲ್ಲದೆ ಇರಲಿಲ್ಲ! ಒಕ್ಕಲಿಗೆ ಕೊಡುವಾಗ ಮರೆತ ಪದ ಒಕ್ಕಲಿನಿಂದ ಪಡೆಯುವಾಗ ನೆನಪಾಗಿತ್ತು.

ಮುಂದಿನದನ್ನು ಚುಟುಕಾಗಿ ಹೇಳೋಣ. ಬರಹಗಾರರು ಬಹಿರಂಗ ಪತ್ರ ಬರೆದರು. ಆಟಗಾರರು ಕಂಪನಿಯ ಆನ್‌ಲೈನ್ ಸೇವೆಯ ಚಂದಾ ರದ್ದು ಮಾಡತೊಡಗಿದರು. ಆ ಸೇವೆಯನ್ನು ಹ್ಯಾಸ್‌ಬ್ರೋ ಹಿಂದಿನ ವರ್ಷವಷ್ಟೇ 14 ಕೋಟಿಗೂ ಹೆಚ್ಚು ಡಾಲರ್ ಕೊಟ್ಟು ಕೊಂಡಿತ್ತು, ಆದ್ದರಿಂದ ಪೆಟ್ಟು ಸರಿಯಾದ ಜಾಗಕ್ಕೆ ಬಿತ್ತು. ಜನವರಿ 12ರಂದು ಪೈಝೋ ಯಾವ ಕಂಪನಿಯ ಹಿಡಿತಕ್ಕೂ ಸಿಗದ ಬೇರೊಂದು ಕರಾರನ್ನು ಬರೆಸುವುದಾಗಿ ಘೋಷಿಸಿತು, ಅದೇ ವರ್ಷ ಅದು ಸಿದ್ಧವೂ ಆಯಿತು. ವಿಝಾರ್ಡ್ಸ್ ಮೆತ್ತಗಾಗಿ ಇನ್ನೊಂದು ಕರಡು ತಂದು ಅಭಿಪ್ರಾಯ ಕೇಳಿತು. 15 ಸಾವಿರಕ್ಕೂ ಹೆಚ್ಚು ಉತ್ತರಗಳು ಬಂದವು. ಹೊಸ ಕರಾರಿನಡಿ ಏನನ್ನೂ ಪ್ರಕಟಿಸಲಾರೆವು ಎಂದವರು ಶೇ. 88 ಎಂದು ಕಂಪನಿಯೇ ಒಪ್ಪಿಕೊಂಡಿತು. ಜನವರಿ 27ರಂದು ಅದು ಸೋಲೊಪ್ಪಿ ಐದನೇ ಆವೃತ್ತಿಯ ಸುಮಾರು 400 ಪುಟಗಳ ನಿಯಮ ಸಂಗ್ರಹವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ಆ ಪರವಾನಗಿಯಲ್ಲಿ 'ಹಿಂಪಡೆಯಲಾಗದ' ಎಂಬ ಪದ ಸ್ಪಷ್ಟವಾಗಿ ಇದೆ. ಪರಿಷ್ಕೃತ ನಿಯಮಗಳ ಸಂಗ್ರಹವೂ 2025ರಲ್ಲಿ ಅದೇ ದಾರಿ ಹಿಡಿಯಿತು. ಮೂರೇ ವಾರದಲ್ಲಿ ಚಾಲಗೇಣಿ ಮೂಲಗೇಣಿಯಾಯಿತು.

ಕೊಟ್ಟವರು ಕೊಟ್ಟದ್ದೇನು?

ಇಲ್ಲಿಗೆ ಕತೆ ಮುಗಿದಿದ್ದರೆ ಸಣ್ಣವರು ದೊಡ್ಡವರನ್ನು ಮಣಿಸಿದ ಸಂತೋಷದಲ್ಲಿ ನಾವೂ ಚಪ್ಪಾಳೆ ತಟ್ಟಿ ಸುಮ್ಮನಾಗಬಹುದಿತ್ತು. ಆದರೆ ಆ 400 ಪುಟಗಳ ಸಂಗ್ರಹವನ್ನು ತೆರೆದು ಪ್ರಾಣಿ ಪಿಶಾಚಿಗಳ ಪಟ್ಟಿ ನೋಡಿದರೆ ಬೇರೊಂದು ಪ್ರಶ್ನೆ ಏಳುತ್ತದೆ. ಅಲ್ಲಿ ಜಿನ್ನ್ ಇದ್ದಾನೆ, ಇಫ್ರೀತ್ ಇದ್ದಾನೆ, ಹೆಣ ತಿನ್ನುವ ಗೂಲ್ ಇದೆ, ಆನೆಯನ್ನೆತ್ತಿ ಹಾರುವ ರುಖ್ ಹಕ್ಕಿ ಇದೆ. ರಾಕ್ಷಸನೂ ಇದ್ದಾನೆ. ಇವೆಲ್ಲವನ್ನೂ ಕಂಪನಿ ಲೋಕಕ್ಕೆ 'ಉಚಿತವಾಗಿ' ಕೊಟ್ಟಿದೆ. ಹಿಂದಿನ ಕರಾರಿನಲ್ಲಿ ತನ್ನದೇ ಸ್ವತ್ತು ಎಂದು ಅದು ಬಿಗಿಹಿಡಿದಿದ್ದ ಭೂತಗಳ ಪಟ್ಟಿ ಬೇರೆ ಇತ್ತು. ಹಲವು ಕಣ್ಣುಗಳ ಬಿಹೋಲ್ಡರ್, ಮಿದುಳು ತಿನ್ನುವ ಮೈಂಡ್ ಫ್ಲೇಯರ್ ಮೊದಲಾದ ತಾನೇ ಹುಟ್ಟಿಸಿದವು ಅದರಲ್ಲಿದ್ದವು. ತನ್ನ ಮನೆಯ ಭೂತಗಳಿಗೆ ಬೇಲಿ, ಊರವರ ಭೂತಗಳ ದಾನ!

ಜಿನ್ನ್ ಯಾರೆಂದು ಈ ಪತ್ರಿಕೆಯ ಓದುಗರಲ್ಲಿ ಬಹುಪಾಲು ಮಂದಿಗೆ ಹೇಳಬೇಕಾಗಿಲ್ಲ. ಪವಿತ್ರ ಕುರ್‌ಆನಿನ ಎಪ್ಪತ್ತೆರಡನೇ ಅಧ್ಯಾಯಕ್ಕೆ ಅವರದೇ ಹೆಸರಿದೆ. ಪ್ರವಾದಿ ಸುಲೈಮಾನ್(ಅ)ರ ಸಭೆಯಲ್ಲಿ ಎದ್ದುನಿಂತು ರಾಣಿಯ ಸಿಂಹಾಸನವನ್ನು ತಂದುಕೊಡುತ್ತೇನೆಂದು ಹೇಳುವವನು ಒಬ್ಬ ಇಫ್ರೀತ್. ನಂಬುವವರಿಗೆ ಅವರು ನಂಬಿಕೆಯ ಭಾಗ, ನಂಬದವರಿಗೆ ಸಾವಿರ ವರ್ಷದ ಕಥನ ಪರಂಪರೆಯ ಭಾಗ. ಆಟದ ಪುಸ್ತಕದಲ್ಲಿ ಅವರು ಗಾಳಿಯ ಭೂತ, ಬೆಂಕಿಯ ಭೂತ ಎಂದು ವಿಂಗಡಣೆಗೊಂಡು, ಇಷ್ಟು ಏಟು ತಿಂದರೆ ಸಾಯುತ್ತಾರೆ ಎಂಬ ಅಂಕಿಯ ಜೊತೆ ನಿಂತಿದ್ದಾರೆ. 1979ರಲ್ಲಿ ಕತೆ ನಡೆಸುವವರಿಗಾಗಿ ಬಂದ ಕೈಪಿಡಿಯ ಮುಖಪುಟದಲ್ಲೇ ಒಬ್ಬ ದೈತ್ಯ ಇಫ್ರೀತನ ಚಿತ್ರವಿತ್ತು. ನಮ್ಮ ಹಿಂದೂ ಸೋದರರ ಕತೆಯೂ ಇದಕ್ಕಿಂತ ಭಿನ್ನವಲ್ಲ. ರಾಕ್ಷಸನಿಗೆ ಅಲ್ಲಿ ಹುಲಿಯ ತಲೆ, ಅಂಗೈ ಹಿಮ್ಮುಖ. 1980ರ ಒಂದು ಪುಸ್ತಕದಲ್ಲಿ ಇಂದ್ರ, ಅಗ್ನಿ, ಯಮ, ಕಾಳಿಯರಿಗೂ ಏಟಿನ ಅಂಕಿ ಹಚ್ಚಲಾಗಿತ್ತು.

ಇದನ್ನು ಹೇಳುವಾಗ ನಾವು ಸಿಟ್ಟಿನ ಭಾಷೆ ಬಳಸಲು ಬಯಸುವುದಿಲ್ಲ. ಕತೆಗಳು ಗಡಿ ದಾಟುವುದು ಸಹಜ, ದಾಟಲೇಬೇಕು. ಅಲ್ಫ್ ಲೈಲಾದ ಕತೆಗಳೇ ಪರ್ಷಿಯಾದಿಂದ, ಭಾರತದಿಂದ ಅರಬ್ ನಾಡಿಗೆ ಹೋದವು. ಯಾರೂ ಕೇಳಿ ಒಯ್ಯಲಿಲ್ಲ. ಆದರೆ ಬಾಗ್ದಾದಿನ ಕತೆಗಾರ ಆ ಕತೆಗಳಿಗೆ ಪಟ್ಟಾ ಬರೆಸಿಕೊಂಡು ನಾಳೆಯಿಂದ ಇದನ್ನು ಹೇಳುವವರು ನನಗೆ ಗೇಣಿ ಕೊಡಬೇಕು ಎನ್ನಲಿಲ್ಲ. ಹತ್ತಾರು ಜನಾಂಗಗಳ ಕಣಜದಿಂದ ಬಂದ ಕಾಳನ್ನು ಒಂದು ಪುಸ್ತಕದಲ್ಲಿ ಕೂಡಿಹಾಕಿ, ಅದರ ಬಾಗಿಲಿಗೆ ಕಾವಲಿನವನನ್ನು ನಿಲ್ಲಿಸಿದ್ದೇ ಇಲ್ಲಿನ ಆಕ್ಷೇಪ. 2023ರ ಜಗಳದಲ್ಲಿ ಎರಡೂ ಕಡೆಯವರು ಕಾವಲಿನ ಬಗ್ಗೆ ಮಾತಾಡಿದರು, ಕಾಳು ಯಾರದೆಂಬ ಮಾತು ಹೆಚ್ಚು ಕೇಳಿಬರಲಿಲ್ಲ.

ತಾಮ್ರದ ಪಟ್ಟಣಕ್ಕೆ ಹೋದವರು

ಕಾಳು ಯಾರದಾದರೇನು, ಅಡುಗೆ ರುಚಿಯಾಗಿದ್ದರೆ ಸಾಲದೇ ಎಂದು ಕೇಳುವವರಿದ್ದಾರೆ. ಒಂದು ಉದಾಹರಣೆಯಿಂದ ಉತ್ತರಿಸುತ್ತೇವೆ. ಈ ಆಟದ ಲೋಕದಲ್ಲಿ ಇಫ್ರೀತರ ರಾಜಧಾನಿಯ ಹೆಸರು ತಾಮ್ರದ ಪಟ್ಟಣ. 1979ರ ಕೈಪಿಡಿಯ ಹಿಂಬದಿಯ ರಕ್ಷಾಪುಟದಲ್ಲಿ ಅದರ ಚಿತ್ರವೇ ಇದೆ. ಬೆಂಕಿಯ ಲೋಕದ ನಡುವೆ ಮಿನುಗುವ ಆ ಪಟ್ಟಣ ಸಂಪತ್ತಿನ, ಗುಲಾಮರ ವ್ಯಾಪಾರದ ತಾಣ. ವೀರರು ಅಲ್ಲಿ ನುಗ್ಗಬೇಕು, ನಿಧಿ ತರಬೇಕು.

ಅಲ್ಫ್ ಲೈಲಾದಲ್ಲಿ ಈ ಪಟ್ಟಣದ ಕತೆ ಹೀಗಿದೆ. ಪ್ರವಾದಿ ಸುಲೈಮಾನ್(ಅ)ರು ಜಿನ್ನ್‌ಗಳನ್ನು ಕೂಡಿಹಾಕಿದ್ದ ತಾಮ್ರದ ಹೂಜಿಗಳನ್ನು ನೋಡುವ ಆಸೆ ಖಲೀಫ ಅಬ್ದುಲ್ ಮಲಿಕ್ ಬಿನ್ ಮರ್ವಾನರಿಗಾಗುತ್ತದೆ. ಮೂಸಾ ಬಿನ್ ನುಸೈರ್‌ರ ತಂಡ ಮರುಭೂಮಿಯಲ್ಲಿ ಅಲೆದು ಆ ಪಟ್ಟಣವನ್ನು ತಲಪುತ್ತದೆ. ಪಟ್ಟಣದಲ್ಲಿ ಜೀವವಿಲ್ಲ. ಅಂಗಡಿಗಳು ಸರಕು ತುಂಬಿ ತೆರೆದಿವೆ, ವ್ಯಾಪಾರಿಗಳು ಕುಳಿತಲ್ಲೇ ಒಣಗಿದ್ದಾರೆ. ಬರಗಾಲ ಬಂದಾಗ ಅಷ್ಟು ಚಿನ್ನ ಕೊಟ್ಟರೂ ಹಿಡಿ ಕಾಳು ಸಿಗಲಿಲ್ಲ ಎಂಬ ಬರಹ ಅಲ್ಲಿದೆ. ಮಂಚದ ಮೇಲೆ ಸತ್ತ ರಾಣಿ ಒಡವೆ ತೊಟ್ಟು ಮಲಗಿದ್ದಾಳೆ. ಬೇಕಾದ್ದನ್ನು ಒಯ್ಯಿರಿ, ನನ್ನ ಮೈಮೇಲಿನದನ್ನು ಮಾತ್ರ ಮುಟ್ಟಬೇಡಿ ಎಂದು ಫಲಕ ಹೇಳುತ್ತದೆ. ತಾಲಿಬ್ ಬಿನ್ ಸಹ್ಲ್ ಎಂಬವನು ಆಸೆ ತಡೆಯಲಾರದೆ ಕೈ ಹಾಕುತ್ತಾನೆ. ಕಾವಲು ನಿಂತ ಗೊಂಬೆಗಳು ಅವನ ತಲೆ ಹಾರಿಸುತ್ತವೆ.

ಇದು ನಿಧಿಗೆ ಕೈ ಹಾಕಬೇಡ ಎನ್ನುವ ಕತೆ. ರಾಜ್ಯ, ಸಂಪತ್ತು ಎಲ್ಲವೂ ಅಳಿಯುತ್ತದೆ ಎಂಬ ಎಚ್ಚರಿಕೆಯೇ ಅದರ ಜೀವ. ಆಟದ ಪುಸ್ತಕ ಹೆಸರನ್ನು ಉಳಿಸಿಕೊಂಡಿತು, ಹೊಳಪನ್ನು ಉಳಿಸಿಕೊಂಡಿತು, ಎಚ್ಚರಿಕೆಯನ್ನು ತೆಗೆದುಹಾಕಿ ಅದೇ ಜಾಗದಲ್ಲಿ ನಿಧಿಯ ಆಸೆಯನ್ನು ಇಟ್ಟಿತು. ಮೂಲವನ್ನು ಬಲ್ಲವರು ಬರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಕಂಪನಿ ಈ ಬಗ್ಗೆ ಯೋಚಿಸಲೇ ಇಲ್ಲವೆಂದರೆ ಅನ್ಯಾಯವಾದೀತು. 1992ರಲ್ಲಿ ಟಿ.ಎಸ್.ಆರ್. ತಂದ ಅಲ್-ಖದೀಮ್ ಎಂಬ ಸರಣಿ ಆ ಕಾಲಕ್ಕೆ ಒಳ್ಳೆಯ ಪ್ರಯತ್ನ. ಜೆಫ್ ಗ್ರಬ್ ರೂಪಿಸಿದ ಆ ಕಾಲ್ಪನಿಕ ನಾಡಿನಲ್ಲಿ ಖಲೀಫನಿದ್ದಾನೆ, ಮಸೀದಿಗಳಿವೆ, ಅತಿಥಿ ಸತ್ಕಾರಕ್ಕೆ ಬೆಲೆಯಿದೆ. ಬೇರೆಡೆ ಕಂಡಲ್ಲಿ ಕೊಲ್ಲಬೇಕಾದ ಓರ್ಕ್‌ಗಳೂ ಅಲ್ಲಿ ನೆರೆಹೊರೆಯವರಾಗಿ ಬದುಕುತ್ತಾರೆ. ಆದರೆ ಮಸೀದಿಯಿದ್ದರೂ ದೇವರುಗಳು ಹಲವು! ಅರಬ್ ಜನರ ಬದುಕಿಗಿಂತ ಹಾಲಿವುಡ್ಡಿನ ಅರೇಬಿಯಾವೇ ಆ ಪುಟಗಳಲ್ಲಿ ಹೆಚ್ಚು ಕಾಣುತ್ತದೆ. ಮೂವತ್ತು ವರ್ಷಗಳ ನಂತರ, 2022ರಲ್ಲಿ ಬಂದ ರೇಡಿಯಂಟ್ ಸಿಟಡೆಲ್ ಸಂಕಲನ ನಿಜಕ್ಕೂ ಬೇರೆ. ಅದರ ಹದಿಮೂರು ಪ್ರಸಂಗಗಳನ್ನು ಬಿಳಿಯರಲ್ಲದ ಬರಹಗಾರರೇ ಬರೆದಿದ್ದಾರೆ. ಭಾರತದ ದಲಿತ ಲೇಖಕಿ ಮಿಮಿ ಮೊಂಡಲ್ ಬಂಗಾಳದ ನೆನಪಿನಿಂದ ಒಂದು ನದೀನಾಡನ್ನು ಕಟ್ಟಿದ್ದಾರೆ. ಜಸ್ಟಿಸ್ ರಾಮಿನ್ ಆರ್ಮನ್ ಪರ್ಷಿಯಾದ ಪರಂಪರೆಯಿಂದ ಒಂದು ನಗರವನ್ನು ಕಟ್ಟಿದ್ದಾರೆ. ನಾವು ಇದನ್ನು ತುಂಬು ಮನಸ್ಸಿನಿಂದ ಸ್ವಾಗತಿಸುತ್ತೇವೆ. ಆದರೂ ಆ ಪುಸ್ತಕದ ಹಕ್ಕು ಕಂಪನಿಯದು. ತಮ್ಮ ಅಜ್ಜಿಯ ಊರನ್ನು ಬರೆದವರು ಅದಕ್ಕೆ ಒಡೆಯರಾಗಲಿಲ್ಲ.

ಹೊರಗಿನ ಸ್ವತಂತ್ರ ಬರಹಗಾರರ ಮಹತ್ವ ಇಲ್ಲಿದೆ ಎಂದು ನಮ್ಮ ಭಾವನೆ. 2020ರಲ್ಲಿ ಓದುಗರ ಮುಂಗಡದಿಂದ ಹೊರಟ ಐಲ್ಯಾಂಡ್ಸ್ ಆಫ್ ಸಿನಾ ಊನಾ ಎಂಬ ಪುಸ್ತಕ ವಸಾಹತುಶಾಹಿ ಬರುವ ಮುಂಚಿನ ಫಿಲಿಪ್ಪೀನ್ಸಿನ ದೈವಗಳನ್ನು, ಕುಲಗಳನ್ನು ಇದೇ ಆಟದ ಐದನೇ ಆವೃತ್ತಿಯ ನಿಯಮಗಳಿಗೆ ಹೊಂದಿಸಿತು. ಮಲೇಷ್ಯಾದ ಝೆಡೆಕ್ ಸಿಯೂ ಮತ್ತು ಮುನ್‌ಕಾವೊ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎ ಥೌಸಂಡ್ ಥೌಸಂಡ್ ಐಲ್ಯಾಂಡ್ಸ್ ಎಂಬ ಅವರ ತೆಳ್ಳನೆಯ ಪುಸ್ತಿಕೆಗಳಲ್ಲಿ ಯಾವ ಕಂಪನಿಯ ನಿಯಮವೂ ಇಲ್ಲ, ಏಟಿನ ಅಂಕಿಯೂ ಇಲ್ಲ. ಮೊಸಳೆಗಳು ಆಳುವ ಒಂದು ನದೀರಾಜ್ಯ, ಕಾಡಿನ ಮರಗೆಲಸದವರ ಒಂದು ಊರು, ಅಲ್ಲಿನ ಜನ, ಅವರ ಬಯಕೆ, ಅವರ ಜಗಳ, ಪೆನ್ನಿನ ಚಿತ್ರಗಳು, ಅಷ್ಟೇ. ಯಾವ ಆಟಕ್ಕೆ ಬೇಕಾದರೂ ಹೊಂದಿಸಿಕೊಳ್ಳಿ ಎಂಬ ಧೋರಣೆ. ಓದುವಾಗ ಒಂದು ಊರಿಗೆ ಹೋಗಿಬಂದಂತಾಗುತ್ತದೆ, ಸುಲಿಗೆ ಮಾಡಿಬಂದಂತಲ್ಲ.

ಗೆದ್ದವರ ಮುಂದಿನ ಪ್ರಶ್ನೆ

ಸ್ವತಂತ್ರರೆಂದ ಮಾತ್ರಕ್ಕೆ ಎಲ್ಲರೂ ಹೀಗೆ ಬರೆಯುತ್ತಾರೆಂದು ನಾವು ಹೇಳುತ್ತಿಲ್ಲ. ಹೊರಗಿನವರ ಪುಸ್ತಕಗಳಲ್ಲಿ ಹೆಚ್ಚಿನವು ಕಂಪನಿಯ ಅಚ್ಚಿನಲ್ಲೇ ಎರಕಗೊಂಡವು. ಮತ್ತೂ ಒಂದು ಗುಹೆ, ಮತ್ತೂ ಮುನ್ನೂರು ಭೂತ, ಮತ್ತೂ ಒಂದು ನಿಧಿ. ಕರಾರು ಮುಕ್ತವಾದರೂ ಕಲ್ಪನೆ ಒಕ್ಕಲಾಗಿಯೇ ಉಳಿದರೆ ಬಿಡುಗಡೆ ಅರ್ಧವೇ ಆಯಿತು.

ಮೂರನೆಯವರೆಲ್ಲರೂ ಬಡ ಒಕ್ಕಲುಗಳೂ ಅಲ್ಲ. ಎಂ.ಸಿ.ಡಿ.ಎಂ. 2023ರ ಕೊನೆಗೆ ಸ್ವಂತ ಆಟಕ್ಕಾಗಿ ಮುಂಗಡ ಕೇಳಿದಾಗ ಸುಮಾರು 46 ಲಕ್ಷ ಡಾಲರ್ ಬಂತು. ಅದು ಧಣಿಯ ಅಂಗಳ ಬಿಟ್ಟು ಹೊರಟದ್ದು ಒಳ್ಳೆಯದೇ. ಆದರೆ ಈ ಉದ್ಯಮದಲ್ಲಿ ಪದಕ್ಕಿಷ್ಟು ಎಂದು ದುಡ್ಡು ಪಡೆದು, ಹಕ್ಕನ್ನೆಲ್ಲ ಬಿಟ್ಟುಕೊಟ್ಟು ಬರೆಯುವ ಬಿಡಿ ಬರಹಗಾರರು ಇನ್ನೂ ಇದ್ದಾರೆ. ನಮ್ಮ ಕಡೆ ಇದಕ್ಕೆ ಒಳಗೇಣಿ ಎನ್ನುತ್ತಾರೆ. ದೊಡ್ಡ ಧಣಿಯೆದುರು ನ್ಯಾಯ ಕೇಳಿದ ಮಧ್ಯಮ ಪ್ರಕಾಶಕರು ತಮ್ಮ ಒಳಗೇಣಿಯವರಿಗೆ ಯಾವ ಕರಾರು ಕೊಡುತ್ತಾರೆ ಎಂಬುದನ್ನು ಯಾರಾದರೂ ಕೇಳಬೇಕು. ಹಾಗೆಯೇ ಡಿ.ಎಂ.ಎಸ್. ಗಿಲ್ಡ್ ಎಂಬ ಕಂಪನಿಯ ಅಧಿಕೃತ ಮಾರುಕಟ್ಟೆ 2016ರಿಂದ ನಡೆದಿದೆ. ಅಲ್ಲಿ ಕಂಪನಿಯ ಹೆಸರಾಂತ ಲೋಕಗಳನ್ನು ಬಳಸಿ ಬರೆಯಬಹುದು. ಬರಹಗಾರನಿಗೆ ಸಿಗುವುದು ಮಾರಾಟದ ಅರ್ಧ ಮಾತ್ರ. ಅಲ್ಲಿ ಇಟ್ಟದ್ದನ್ನು ಬೇರೆಲ್ಲೂ ಮಾರುವಂತಿಲ್ಲ. 2023ರ ಗೆಲುವು ಆ ಬಾಗಿಲನ್ನು ತಟ್ಟಲೇ ಇಲ್ಲ.

ಈ ಕೊರತೆಗಳಿಂದ ಗೆಲುವು ಸಣ್ಣದಾಗುವುದಿಲ್ಲ. ದೊಡ್ಡ ಬಂಡವಾಳದ ಕಂಪನಿಯೊಂದು ಹಿಂಪಡೆಯಹೊರಟಿದ್ದನ್ನು ಹಿಂಪಡೆಯಲಾಗದಂತೆ ಬರೆದುಕೊಟ್ಟದ್ದು ಈ ಕಾಲದಲ್ಲಿ ಆಗಾಗ ನಡೆಯುವ ಘಟನೆಯಲ್ಲ. ಅದು ನಮಗೆ ಕಲಿಸುವ ಪಾಠವೂ ಸರಳ. ಬಾಯಿಮಾತಿನ ಔದಾರ್ಯವನ್ನು ನಂಬಿ ತೆಂಗು ನೆಡಬಾರದು. ಕೊಟ್ಟದ್ದನ್ನು ಬರೆಸಿಕೊಳ್ಳಬೇಕು, ಬರೆದದ್ದರಲ್ಲಿ ಬಿಟ್ಟುಹೋದ ಪದವನ್ನು ಹುಡುಕಬೇಕು. ಇಂದು ದೊಡ್ಡ ಕಂಪನಿಗಳ ವೇದಿಕೆಗಳಲ್ಲಿ ಹಾಡು, ಚಿತ್ರ, ಬರಹ ಹರಿಯಬಿಡುವ ನಮ್ಮ ಯುವಜನರಲ್ಲಿ ಎಷ್ಟು ಮಂದಿ ಆ ಕರಾರಿನ ಒಂಬತ್ತನೇ ಕಲಮನ್ನು ಓದಿದ್ದಾರೆ?

ಕೊನೆಗೆ ಒಂದು ಮಾತು. ಈಗ ಆ ನಿಯಮ ಸಂಗ್ರಹವನ್ನು ಕನ್ನಡಕ್ಕೆ ತರಲು ಯಾರ ಅಪ್ಪಣೆಯೂ ಬೇಡ. ಮೂಲದ ಹೆಸರು ಹೇಳಿದರೆ ಸಾಕು. ಅನುವಾದಿಸಬಹುದು, ತಿದ್ದಬಹುದು, ಮಾರಲೂಬಹುದು. ನಮ್ಮ ಹುಡುಗ ಹುಡುಗಿಯರು ಮೇಜಿನ ಸುತ್ತ ಕುಳಿತು ಕನ್ನಡದಲ್ಲಿ, ಬ್ಯಾರಿಯಲ್ಲಿ, ದಖನಿಯಲ್ಲಿ ಈ ಆಟ ಆಡುವ ದಿನ ಬಂದರೆ ಸಂತೋಷವೇ. ಆದರೆ ಆ ಮೇಜಿನ ಮೇಲೆ ಜಿನ್ನ್ ಬಂದಾಗ ಅವನು ಯಾರ ಕತೆಯಿಂದ ಬಂದವನು? ಅಜ್ಜಿ ಮಗ್ರಿಬ್‌ನ ಹೊತ್ತಿಗೆ ಬಾಗಿಲು ಮುಚ್ಚುತ್ತಾ ಹೇಳಿದ ಜಿನ್ನೋ, ಅಮೆರಿಕದ ಪುಸ್ತಕದಲ್ಲಿ ಏಟಿನ ಅಂಕಿ ಹಚ್ಚಿಕೊಂಡ ಭೂತವೋ? ತಾಮ್ರದ ಪಟ್ಟಣದ ಬಾಗಿಲು ತೆರೆದಾಗ ಅವರು ಮೊದಲು ಫಲಕವನ್ನು ಓದುತ್ತಾರೋ, ಒಡವೆಗೆ ಕೈ ಹಾಕುತ್ತಾರೋ? ಅಪ್ಪಣೆಯನ್ನು ಇತರರು ಕೊಡಬಹುದು, ಕೊಟ್ಟಿದ್ದಾರೆ. ಕತೆಯನ್ನು ನಾವೇ ಹೇಳಬೇಕು.